ಇಪ್ಪತ್ತೊಂದನೆಯ ನೆರಿಗೆ

ಇಂದಿರಾಪುರಂ
ಸೆಪ್ಟೆಂಬರ್ 6, 2025

ಪ್ರೀತಿಯ ಅಮಿತಾ,

ಇಲ್ಲಿ ಎಲ್ಲರೂ ಆರೋಗ್ಯ, ನಮ್ಮ ಟವರಿನ ಎರಡನೇ ಲಿಫ್ಟ್ ಒಂದನ್ನು ಬಿಟ್ಟು. ಅಣ್ಣ ಫೋನ್ ಮಾಡಿ ನವೆಂಬರ್ ಮೂವತ್ತಕ್ಕೆ ನಿನ್ನ ಮದುವೆ ಎಂದು ಹೇಳಿದ. ಹುಡುಗನ ಹೆಸರು ನಿಹಾಲ್, ಮಾತು ಕಡಿಮೆ, ನಗು ಜಾಸ್ತಿ ಎಂದ. ಅಷ್ಟು ಸಾಕು. ಮಾತು ಜಾಸ್ತಿಯಿರುವವರು ನಮ್ಮ ಕಡೆಯೇ ಬೇಕಾದಷ್ಟು ಇದ್ದೇವೆ.

ಇದರ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಒಳಗೆ ಮೂರು ಕಾಗದದ ಹೂವು ಇವೆ: ಒಂದು ಸಾಸಿವೆ ಬಣ್ಣ, ಒಂದು ವೀಳ್ಯದೆಲೆ ಹಸಿರು, ಒಂದು ಕುಂಕುಮ ಕೆಂಪು. ಒಂದೊಂದರ ಕೆಳಗೂ ಚಿಕ್ಕ ಚೀಟಿ, ಚೀಟಿಗೆ ದಾರ. ಉಡುಗೊರೆಗೆ ಕಟ್ಟುವ ಟ್ಯಾಗ್ ಅನ್ನುತ್ತೀರಲ್ಲ, ಅದು. ಕಾಗದದ ಪಟ್ಟಿಯನ್ನು ಸೀರೆಯ ನೆರಿಗೆ ಹಿಡಿದ ಹಾಗೆ ಮಡಿಸಿ, ಎರಡು ತುದಿ ಅಂಟಿಸಿದರೆ ಕಿರೀಟದ ಹಾಗೆ ನಿಲ್ಲುತ್ತದೆ. ಆ ಕಿರೀಟವನ್ನು ನಾಲ್ಕೂ ಕಡೆಯಿಂದ ಒಳಕ್ಕೆ ದೂಡಿ ಚಪ್ಪಟೆ ಮಾಡಿದರೆ ಹೂವು. ನನಗೆ ಇದನ್ನು ಯಾರೂ ಕಲಿಸಲಿಲ್ಲ. ನಿನ್ನ ಮಾವ ತೀರಿಕೊಂಡ ವರ್ಷದ ದೀಪಾವಳಿಗೆ ಯಾರೋ ತಂದ ಮಿಠಾಯಿ ಡಬ್ಬಿಯ ಮೇಲೆ ಇಂಥದ್ದೊಂದಿತ್ತು. ಮಿಠಾಯಿಯನ್ನು ಮಗ ರಾಘವನಿಗೆ ಕೊಟ್ಟು ಹೂವನ್ನು ಬಿಚ್ಚಿ ನೋಡಿದೆ, ಮತ್ತೆ ಮಡಿಸಿದೆ. ಹನ್ನೊಂದನೆಯ ಸಲಕ್ಕೆ ಬಂತು. ಈಗ ನಮ್ಮ ಸೊಸೈಟಿಯಲ್ಲಿ ಯಾರ ಮನೆಯ ಹುಟ್ಟುಹಬ್ಬವಾದರೂ ಬಾಗಿಲು ತಟ್ಟುವುದು ನನ್ನದನ್ನೇ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ನಿನ್ನ ಮದುವೆಗೆ ಬಂದವರ ಕೈಗೆ ತಾಂಬೂಲದ ಚೀಲ ಕೊಡುತ್ತಾರಲ್ಲ, ತೆಂಗಿನಕಾಯಿ, ಎಲೆ, ಅಡಿಕೆ ಹಾಕಿ. ಆ ಚೀಲಗಳಿಗೆಲ್ಲ ನನ್ನ ಹೂವು ಕಟ್ಟಬೇಕು ಎಂದು ನನ್ನ ಆಸೆ. ಮುನ್ನೂರು ಆದರೂ ಸರಿ, ನಾಲ್ಕುನೂರು ಆದರೂ ಸರಿ. ಸೋದರತ್ತೆ ಎಂದರೆ ಮದುವೆಯಲ್ಲಿ ಹತ್ತು ಕೆಲಸ. ನನಗೆ ಇದೊಂದು ಕೊಡು.

ನಿನ್ನ
ಸುಶೀಲತ್ತೆ


ದ್ವಾರಕಾ
ಸೆಪ್ಟೆಂಬರ್ 19

ಅತ್ತೆ,

ನನ್ನ ಕನ್ನಡ ಅಕ್ಷರ ನೋಡಿ ನಗಬೇಡಿ, ಎಂಟನೇ ಕ್ಲಾಸಿನ ಮೇಲೆ ಬರೆದಿಲ್ಲ. ಟೈಪ್ ಮಾಡಿದ್ರೆ ಅಳಿಸಿ ಅಳಿಸಿ ಕೊನೆಗೆ ಕಳಿಸೋದೇ ಇಲ್ಲ, ಅದಕ್ಕೆ ಪೆನ್ನು ಹಿಡಿದೆ.

ಹೂವು ತುಂಬಾ ತುಂಬಾ ಚೆನ್ನಾಗಿದೆ. ಹಸಿರು ಒಂದನ್ನು ನನ್ನ ಆಫೀಸ್ ಬ್ಯಾಗಿಗೆ ಕಟ್ಟಿಕೊಂಡಿದ್ದೀನಿ. ಆದರೆ ಅಮ್ಮ ತಾಂಬೂಲದ ಚೀಲಕ್ಕೆ ಬೇಡ ಅಂದರು. ಹೇಗೆ ಹೇಳಿದರೋ ಹಾಗೇ ಬರೀತೀನಿ.

"ಟ್ಯಾಗ್ ಚೆನ್ನಾಗಿದೆ. ಬೇರೆ ಯಾವುದಕ್ಕಾದರೂ ಮಾಡಿಸೋಣ."

"ಬೇರೆ ಅಂದ್ರೆ ಯಾವುದಕ್ಕೆ?"

"ಅದೇ, ಡ್ರೈ ಫ್ರೂಟ್ ಡಬ್ಬಿಗೆ."

"ಅಚ್ಛಾ, ಡಬ್ಬಿಗೆ ಓಕೆ, ಚೀಲಕ್ಕೆ ಓಕೆ ಅಲ್ಲ. ಏನು ಫರಕ್, ಅಮ್ಮ?"

"ತಾಂಬೂಲ ಮುತ್ತೈದೆಯರ ಕೈಯಿಂದ ಹೋಗಬೇಕು. ನಿನಗೆ ಗೊತ್ತಾಗಲ್ಲ, ಬಿಡು."

ಪಪ್ಪಾ ಪೇಪರ್ ಓದ್ತಾ ಇದ್ದರು. ಅರ್ಧ ಗಂಟೆ ಪುಟ ತಿರುಗಿಸಲೇ ಇಲ್ಲ.

ಅತ್ತೆ, ನಾನು ಜಗಳ ಆಡೋಕೆ ರೆಡಿ. ನೀವು ಹೂಂ ಅನ್ನಿ, ಬಸ್, ಅಷ್ಟೇ ಸಾಕು.

ಅಮಿತಾ


ಇಂದಿರಾಪುರಂ
ಸೆಪ್ಟೆಂಬರ್ 26

ವಸಂತಿ ಅತ್ತಿಗೆಯವರಿಗೆ ಸುಶೀಲಳ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹೂಂ" ಎನ್ನುತ್ತೀರಿ, ನಾನು "ಮತ್ತೇನು" ಎನ್ನುತ್ತೇನೆ, ಎರಡು ವರ್ಷದಿಂದ ನಮ್ಮ ಮಾತು ಅಷ್ಟೇ. ಕಾಗದದಲ್ಲಿ ಬರಿಯ ಹೂಂ ಬರೆದು ಕಳಿಸಲು ಯಾರಿಗೂ ಆಗುವುದಿಲ್ಲ, ಅಂಚೆ ಚೀಟಿಗಾದರೂ ಮರ್ಯಾದೆ ಕೊಡಬೇಕು.

ಅಮಿತಾ ನನಗೆ ಎಲ್ಲ ಬರೆದಿದ್ದಾಳೆ. ಅವಳನ್ನು ಬಯ್ಯಬೇಡಿ. ನಿಮ್ಮ ಜೊತೆ ಜಗಳ ಆಡಬೇಡ ಎಂದು ಅವಳಿಗೂ ಹೇಳಿದ್ದೇನೆ. ಮದುವೆಗೆ ಎರಡು ತಿಂಗಳಿರುವಾಗ ತಾಯಿ ಮಗಳು ಮಾತು ಬಿಡುವುದು ಯಾವ ಹೂವಿಗೂ ತಕ್ಕದ್ದಲ್ಲ.

ನನಗೆ ಬೇಜಾರಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳು. ಅವಳು ಹುಟ್ಟಿದ ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕಿದವಳು ನಾನು, ಅವಳ ಮದುವೆಯಲ್ಲಿ ನನ್ನ ಕೈಯದು ಏನಾದರೂ ಇರಬೇಕು ಎಂಬ ಆಸೆ ನನಗೆ ಈಗಲೂ ಇದೆ. ಆಸೆ ನನ್ನದು, ಮಗಳು ನಿಮ್ಮವಳು. ಆದರೆ ಚೀಲಗಳು ಬೋಳಾಗಿ ಹೋಗಬಾರದು. ಆದ್ದರಿಂದ ನೀವೇ ಮಾಡಿ. ನಾನು ವಿಧಾನ ಬರೆಯುತ್ತೇನೆ.

ಒಂದು ಅಂಗುಲ ಅಗಲದ, ಹನ್ನೊಂದು ಅಂಗುಲ ಉದ್ದದ ಪಟ್ಟಿ ಕತ್ತರಿಸಿ. ಕಾಗದ ತೀರ ದಪ್ಪ ಬೇಡ, ಲಗ್ನಪತ್ರಿಕೆಯ ಕಾರ್ಡಂತೂ ಖಂಡಿತ ಬೇಡ. ಉಕ್ಕಿನ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಅರ್ಧರ್ಧ ಅಂಗುಲಕ್ಕೆ ಗೀರಿ. ಗೀರದೆ ಮಡಿಸಿದರೆ ನೆರಿಗೆ ಓರೆ ಹೋಗುತ್ತದೆ. ಇಪ್ಪತ್ತು ನೆರಿಗೆ ಹಿಡಿಯಿರಿ. ತುದಿಯಲ್ಲಿ ಉಳಿಯುವ ತುಣುಕನ್ನು ಅಂಟಿಗೆಂದು ಚೂರು ಬಿಟ್ಟು ಕತ್ತರಿಸಿ ಹಾಕಿ. ಸುತ್ತಿ ಅಂಟಿಸಿ. ಚಪ್ಪಟೆ ಮಾಡಿ. ನಡುವೆ ಬಿಸಿ ಅಂಟು ಬಿಟ್ಟು, ಕಾಸಿನಗಲದ ಬಿಲ್ಲೆ ಇಟ್ಟು, ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಅವಸರ ಮಾಡಿದರೆ ಎದ್ದು ಕೂರುತ್ತದೆ.

ಅಣ್ಣನಿಗೆ ಪೇಪರಿನ ಪುಟ ತಿರುಗಿಸಲು ಹೇಳಿ.

ಇತಿ ನಿಮ್ಮ ನಾದಿನಿ
ಸುಶೀಲ


ದ್ವಾರಕಾ
ಅಕ್ಟೋಬರ್ 9

ಸುಶೀಲಮ್ಮನವರಿಗೆ ವಸಂತಿ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನಿಮ್ಮ ಅಣ್ಣನವರು ಆರೋಗ್ಯವಾಗಿದ್ದಾರೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ತಾವು ಬರೆದ ವಿಧಾನದಲ್ಲಿ ಎಲ್ಲೋ ತಪ್ಪಿದೆ. ನಮ್ಮ ಬ್ಲಾಕಿನ ನಾಲ್ಕು ಮುತ್ತೈದೆಯರನ್ನು ಕರೆದು ಮೂರು ಮಧ್ಯಾಹ್ನ ಕೂರಿಸಿದೆ. ಒಬ್ಬರು ಅಂಟು ಸರಿಯಿಲ್ಲ ಎಂದರು. ಒಬ್ಬರು ಕಾಗದ ಸರಿಯಿಲ್ಲ ಎಂದರು. ಮೂರನೆಯವರು ಸಮೋಸ ತಿಂದು ಎದ್ದು ಹೋದರು. ನಲವತ್ತು ಮಾಡಿದ್ದೇವೆ, ನಲವತ್ತೂ ಒಂದೇ ಜಾಗದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿವೆ. ದುಂಡಗೆ ಆಗುವುದೇ ಇಲ್ಲ. ನೀವು ಕಳಿಸಿದ ಮೂರು ಮಾತ್ರ ದುಂಡಗಿವೆ.

ಅಳತೆಯನ್ನು ಇನ್ನೊಮ್ಮೆ ಸರಿಯಾಗಿ ಬರೆದು ಕಳಿಸುವುದು.

ಇತಿ
ವಸಂತಿ ದೇವೇಂದ್ರಪ್ಪ


ಇಂದಿರಾಪುರಂ
ಅಕ್ಟೋಬರ್ 12

ಅತ್ತಿಗೆ,

ಅಳತೆ ಸರಿಯಾಗಿದೆ. ಅದೇ ಅಳತೆಯಲ್ಲಿ ನಿನ್ನೆ ಆರು ಮಾಡಿ ನೋಡಿದೆ, ಆರೂ ಬೆಳದಿಂಗಳ ಚಂದ್ರನ ಹಾಗೆ ಕೂತಿವೆ. ಕೆಟ್ಟುಹೋದದ್ದರಲ್ಲಿ ಎರಡನ್ನು ಕಳಿಸಿ. ಕಾಯಿಲೆ ಕಾಗದದಲ್ಲಿ ಗೊತ್ತಾಗುವುದಿಲ್ಲ, ರೋಗಿಯನ್ನೇ ನೋಡಬೇಕು.

ಸಮೋಸ ತಿಂದು ಎದ್ದು ಹೋದವರು ನನಗೆ ಇಷ್ಟವಾದರು.

ಸುಶೀಲ


ದ್ವಾರಕಾ
ಅಕ್ಟೋಬರ್ 16

ಸುಶೀಲಮ್ಮನವರಿಗೆ,

ಎರಡು ಕಳಿಸಿದ್ದೇನೆ.

ಇನ್ನೊಂದು ವಿಷಯ. ಅಮಿತಾ ನಿಮಗೆ ಬರೆದದ್ದನ್ನು ನನಗೆ ಹೇಳಿದಳು. ನೀವು ನನ್ನನ್ನು ಏನೆಂದು ತಿಳಿದಿದ್ದೀರೋ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಅವಳ ನಿಶ್ಚಿತಾರ್ಥವಾಗಿ, ಹಾಲ್ ಬುಕ್ ಮಾಡಿ, ಪತ್ರಿಕೆ ಹಂಚಿ, ಆಮೇಲೆ ಮುರಿದುಹೋದದ್ದು ನಿಮಗೆ ಗೊತ್ತೇ ಇದೆ. ಆಗ ಪತ್ರಿಕೆ ಹಂಚಿದ ಮನೆಮನೆಗೂ ಫೋನ್ ಮಾಡಿ ಮದುವೆ ರದ್ದು ಎಂದು ಹೇಳಿದವಳು ನಾನು. ನೂರಾ ಎಂಬತ್ತು ಮನೆ. ಈ ಸಲ ಯಾವ ಸಣ್ಣ ಲೋಪವೂ ಆಗಬಾರದು ಎಂದು ನಾನು ಎಲ್ಲ ಶಾಸ್ತ್ರವನ್ನೂ ಹಿಡಿದುಕೊಂಡಿದ್ದೇನೆ. ಯಾರ ಮೇಲಿನ ದ್ವೇಷವೂ ಅಲ್ಲ.

ಇತಿ
ವಸಂತಿ


ಇಂದಿರಾಪುರಂ
ಅಕ್ಟೋಬರ್ 25

ಪ್ರಿಯ ಅತ್ತಿಗೆ,

ಹಬ್ಬದ ಗಲಾಟೆಯಲ್ಲಿ ಉತ್ತರ ತಡವಾಯಿತು. ಪಟಾಕಿಯ ಹೊಗೆಗೆ ನಮ್ಮ ಹದಿನಾಲ್ಕನೇ ಮಹಡಿಯಿಂದ ಎದುರಿನ ಟವರ್ ಮೂರು ದಿನ ಕಾಣಲಿಲ್ಲ. ಕಿಟಕಿ ಮುಚ್ಚಿಕೊಂಡು ನಿಮ್ಮ ಎರಡು ಹೂವನ್ನು ಮುಂದಿಟ್ಟುಕೊಂಡು ಕೂತೆ.

ಮಡಿಕೆ ಅಚ್ಚುಕಟ್ಟು. ಗೀರು ನೇರ. ಕಾಗದ ಒಳ್ಳೆಯದು, ಚಾವ್ಡಿ ಬಜಾರಿನದೇ ಇರಬೇಕು. ಅಂಟಿಗೂ ದೋಷವಿಲ್ಲ. ಹಾಗಾದರೆ ಏನು ಎಂದು ನೆರಿಗೆ ಎಣಿಸಿದೆ. ಇಪ್ಪತ್ತೊಂದು. ಎರಡನೆಯದನ್ನು ಎಣಿಸಿದೆ. ಅದೂ ಇಪ್ಪತ್ತೊಂದು.

ಒಬ್ಬಳೇ ಕೂತು ನಕ್ಕೆ, ಅತ್ತಿಗೆ. ನಿಮ್ಮನ್ನಲ್ಲ, ನಮ್ಮೆಲ್ಲರನ್ನೂ. ಮಂಗಳ ಕಾರ್ಯಕ್ಕೆ ಬೆಸ ಸಂಖ್ಯೆ ಎಂದು ಒಂದು ನೆರಿಗೆ ಸೇರಿಸಿದ್ದೀರಿ. ನಾವು ಐದು ಹಣ್ಣು, ಒಂಬತ್ತು ಎಲೆ, ಇಪ್ಪತ್ತೊಂದು ಮೋದಕ ಎಂದು ಎಣಿಸಿಕೊಂಡೇ ಬೆಳೆದವರು. ಕೈ ತಾನಾಗಿ ಒಂದು ಹೆಚ್ಚು ಹಾಕುತ್ತದೆ. ನಿಮ್ಮ ನಾಲ್ಕು ಮುತ್ತೈದೆಯರಲ್ಲಿ ಒಬ್ಬರಿಗೂ ಅದು ತಪ್ಪೆಂದು ತೋಚಿರಲಾರದು.

ಕಾಗದಕ್ಕೆ ಶಾಸ್ತ್ರ ಗೊತ್ತಿಲ್ಲ. ಒಂದು ನೆರಿಗೆ ಏರಿದರೆ ಮುಂದಿನದು ಇಳಿಯಬೇಕು. ಸುತ್ತಿ ತಂದಾಗ ಕೊನೆಯದು ಇಳಿದಿದ್ದರೆ ಮಾತ್ರ ಏರುವ ಮೊದಲನೆಯದು ಅದಕ್ಕೆ ಕೂಡುತ್ತದೆ. ಇಪ್ಪತ್ತೊಂದಾದರೆ ಮೊದಲನೆಯದೂ ಕೊನೆಯದೂ ಒಂದೇ ಕಡೆ ಏರಿ ನಿಲ್ಲುತ್ತವೆ, ಒಂದಕ್ಕೊಂದು ಕೂಡುವುದಿಲ್ಲ. ಅಲ್ಲೇ ಬಾಯಿ ಬಿಡುವುದು.

ಹಾಗೆಂದು ನಿಮ್ಮ ಇಪ್ಪತ್ತೊಂದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಮದುವೆ ನಿಮ್ಮ ಮನೆಯದು. ಹೀಗೆ ಮಾಡಿ: ಇಪ್ಪತ್ತೊಂದೇ ಹಿಡಿಯಿರಿ, ಆದರೆ ಕೊನೆಯ ನೆರಿಗೆಯನ್ನು ಮೊದಲನೆಯದರ ಅಡಿಗೆ ಪೂರ್ತಿ ತೂರಿಸಿ ಅಂಟಿಸಿ. ಮೇಲೆ ಕಾಣುವುದು ಇಪ್ಪತ್ತು, ಇರುವುದು ಇಪ್ಪತ್ತೊಂದು. ಚೂರು ಕಾಗದ ಬಿಟ್ಟು ಅಂಟಿಸುವುದಕ್ಕಿಂತ ಇದು ಗಟ್ಟಿ. ನಾನೇ ಇಷ್ಟು ದಿನ ಹಾಗೆ ಮಾಡಿರಲಿಲ್ಲ. ನಿಮ್ಮ ತಪ್ಪಿನಿಂದ ಕಲಿತೆ. ಇನ್ನು ಮುಂದೆ ನನ್ನವೂ ಇಪ್ಪತ್ತೊಂದೇ.

ನೀವು ಬರೆದ ಇನ್ನೊಂದು ವಿಷಯಕ್ಕೆ ಒಂದೇ ಮಾತು. ನೂರಾ ಎಂಬತ್ತು ಮನೆಗೆ ನೀವು ಒಬ್ಬರೇ ಫೋನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತೊಂಬತ್ತು ನಾನು ಮಾಡುತ್ತಿದ್ದೆ. ಮತ್ತೆ, ಆ ನಿಶ್ಚಿತಾರ್ಥದಲ್ಲಿ ಅಮಿತಾಳಿಗೆ ಆರತಿ ಎತ್ತಿದ್ದು ಯಾರು, ನೆನಪಿದೆಯೇ. ನಾನು. ನಮ್ಮ ಯಜಮಾನರು ಮುಂದಿನ ಸಾಲಿನಲ್ಲಿ ಕೂತು ನನ್ನ ಹೊಸ ಸೀರೆಯನ್ನು ಹಾಸ್ಯ ಮಾಡುತ್ತಿದ್ದರು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ, ಯಾವುದೂ ಕಡಿಮೆಯಿರಲಿಲ್ಲ. ಮುರಿಯುವುದು ಮುರಿಯಿತು.

ಇದನ್ನು ಒಂದು ಸಲ ಹೇಳಿದ್ದೇನೆ. ಎರಡನೆಯ ಸಲ ಹೇಳುವುದಿಲ್ಲ.

ನಿಮ್ಮ
ಸುಶೀಲ


ದ್ವಾರಕಾ
ನವೆಂಬರ್ 8

ಸುಶೀಲಮ್ಮನವರಿಗೆ ನಮಸ್ಕಾರ.

ಕೂತಿತು. ನೀವು ಬರೆದ ಹಾಗೆ ಕೊನೆಯದನ್ನು ಅಡಿಗೆ ಸೇರಿಸಿದ ಕೂಡಲೇ ದುಂಡಗೆ ಕೂತಿತು. ನಿಮ್ಮ ಅಣ್ಣನವರು ತೂಗುಹಾಕಿ ನೋಡಿ "ಇದು ಸುಶೀಲಳದ್ದಾ, ನಿನ್ನದಾ" ಎಂದು ಕೇಳಿದರು. ಹತ್ತು ದಿನದಲ್ಲಿ ನೂರಾ ಹತ್ತು ಮಾಡಿದ್ದೇನೆ. ಬ್ಲಾಕಿನವರು ಯಾರೂ ಈಗ ಬರುವುದಿಲ್ಲ, ಒಬ್ಬಳೇ ಮಾಡುತ್ತಿದ್ದೇನೆ.

ನನ್ನ ಹೆಬ್ಬೆರಳು ಊದಿದೆ. ಒತ್ತಿ ಹಿಡಿಯುವುದು ಒಂದು ಜೊತೆ ಕೈಯ ಕೆಲಸವಲ್ಲ, ಒಬ್ಬರು ಹಿಡಿಯಬೇಕು, ಒಬ್ಬರು ಅಂಟು ಬಿಡಬೇಕು. ಅಮಿತಾಳಿಗೆ ರಜೆಯಿಲ್ಲ. ನಿಮ್ಮ ಅಣ್ಣನವರ ಕೈ ನಡುಗುತ್ತದೆ. ಇನ್ನೂ ನೂರಾ ತೊಂಬತ್ತು ಬಾಕಿ.

ನೀವು ಹದಿನೇಳಕ್ಕೆ ಬಂದರೆ ಅನುಕೂಲ. ಅತಿಥಿಗಳು ಬರುವವರೆಗೆ ಹಿಂದಿನ ಕೋಣೆ ಖಾಲಿಯಿದೆ, ಅಲ್ಲಿ ಯಾರೂ ಬರುವುದಿಲ್ಲ. ಬೆಚ್ಚನೆಯ ಬಟ್ಟೆ ತನ್ನಿ.

ವಸಂತಿ


ಇಂದಿರಾಪುರಂ
ನವೆಂಬರ್ 12

ಪ್ರಿಯ ಅತ್ತಿಗೆ,

ಹೆಬ್ಬೆರಳಿಗೆ ಬಿಸಿ ಎಣ್ಣೆ ಹಚ್ಚಿ, ಎರಡು ದಿನ ಕಾಗದ ಮುಟ್ಟಬೇಡಿ. ನೂರಾ ತೊಂಬತ್ತು ನಮಗಿಬ್ಬರಿಗೆ ನಾಲ್ಕು ದಿನದ ಕೆಲಸ. ಅದರ ಚಿಂತೆ ಬಿಡಿ.

ಬರುವ ವಿಷಯ. ಯಾರೂ ಬಾರದ ಹಿಂದಿನ ಕೋಣೆಯಲ್ಲಿ ಕೂತು ಅಂಟಿಸಿ, ಮದುವೆಯ ದಿನ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಎದ್ದು ಬರುವುದಾದರೆ ನಾನು ಬರುವುದಿಲ್ಲ. ಕೋಪದಿಂದ ಬರೆಯುತ್ತಿಲ್ಲ, ಚಹಾ ಕುಡಿಯುತ್ತ ಬರೆಯುತ್ತಿದ್ದೇನೆ. ನನಗೀಗ ಅರವತ್ತಾರು. ನನ್ನ ಕೈ ಮಾತ್ರ ಬೇಕು, ನಾನು ಬೇಡ ಎನ್ನುವ ಕಡೆ ಹೋಗಿ ಕೂರುವ ವಯಸ್ಸು ಮುಗಿಯಿತು. ಕೈ ಬೇಕಿದ್ದರೆ ಅದರ ಹಿಂದಿರುವ ಹೆಂಗಸೂ ಬರುತ್ತಾಳೆ. ನಡುಮನೆಯಲ್ಲಿ ಕೂರುತ್ತಾಳೆ. ಚೀಲ ಕೊಡುವ ಮೇಜಿನ ಹತ್ತಿರ ನಿಲ್ಲುತ್ತಾಳೆ.

ಆಗುವುದಿಲ್ಲ ಎಂದಾದರೆ ನನ್ನ ಹತ್ತಿರ ಮಾಡಿಟ್ಟದ್ದು ತೊಂಬತ್ತಿವೆ, ಕೊರಿಯರಿನಲ್ಲಿ ಕಳಿಸುತ್ತೇನೆ, ಯಾರು ಮಾಡಿದ್ದೆಂದು ಹೇಳಬೇಕಿಲ್ಲ. ಮದುವೆಗೆ ಬಂದು ಅಕ್ಷತೆ ಹಾಕಿ, ಊಟ ಮಾಡಿ, ಮೆಟ್ರೋ ಹಿಡಿಯುತ್ತೇನೆ. ನಮ್ಮ ನಂಟು ಅದರಿಂದ ಕಡಿಯುವುದಿಲ್ಲ. ನೀವೇ ಯೋಚಿಸಿ ಹೇಳಿ.

ನಿಮ್ಮ
ಸುಶೀಲ


ಇಂದಿರಾಪುರಂ
ಡಿಸೆಂಬರ್ 10

ಪ್ರೀತಿಯ ಅಮಿತಾ,

ಪುಣೆಯ ಹೊಸ ಮನೆಯ ವಿಳಾಸವನ್ನು ನಿಹಾಲ್ ಎಷ್ಟು ಚಂದ ಬರೆದು ಕಳಿಸಿದ್ದಾನೆ. ಅವನ ಅಕ್ಷರ ನಿನ್ನದಕ್ಕಿಂತ ಚೆನ್ನಾಗಿದೆ, ಹೇಳಿಬಿಡು.

ಮದುವೆಯ ದಿನ ನೀನು ವೇದಿಕೆಯ ಮೇಲಿದ್ದೆ, ಬಾಗಿಲ ಹತ್ತಿರ ನಡೆದದ್ದು ನಿನಗೆ ಗೊತ್ತಿಲ್ಲ. ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ, ಬರೆಯುತ್ತಿದ್ದೇನೆ.

ನಾನು ಕೊನೆಯ ಕಾಗದ ಹಾಕಿದ ಮೇಲೆ ನಿನ್ನ ಅಮ್ಮನಿಂದ ಉತ್ತರ ಬರಲಿಲ್ಲ. ಕಾರು ಬಂತು. ಹದಿನೇಳನೇ ತಾರೀಕು ಬೆಳಿಗ್ಗೆ ಗಾರ್ಡ್ ಇಂಟರ್‌ಕಾಮ್‌ನಲ್ಲಿ "ಆಂಟೀಜೀ, ದ್ವಾರಕಾದಿಂದ ಗಾಡಿ" ಎಂದ. ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದೆನೇ ಎಂದು ಕೇಳಬೇಡ. ನಿಮ್ಮ ಮನೆಗೆ ಹೋದರೆ ನಡುಮನೆಯಲ್ಲಿ ಜಮಖಾನೆ ಹಾಸಿತ್ತು, ಅದರ ಮೇಲೆ ಎರಡು ಮಣೆ. ನಿನ್ನ ಅಮ್ಮ "ಬನ್ನಿ" ಎಂದರು. "ಬಂದೆ" ಎಂದೆ. ಆಮೇಲೆ ನಾಲ್ಕು ದಿನ, ನೀನು ಆಫೀಸಿನಲ್ಲಿದ್ದ ಹೊತ್ತೆಲ್ಲ, ನಾವು ಅಂಟು, ಕಾಗದ, ಹೆಬ್ಬೆರಳು ಬಿಟ್ಟು ಬೇರೆ ಮಾತಾಡಲಿಲ್ಲ. ಅವರು ಅಂಟು ಬಿಡುತ್ತಿದ್ದರು, ನಾನು ಒತ್ತಿ ಹಿಡಿಯುತ್ತಿದ್ದೆ, ಇಬ್ಬರೂ ಮೂವತ್ತರವರೆಗೆ ಎಣಿಸುತ್ತಿದ್ದೆವು. ನಿನ್ನಪ್ಪ ಒಮ್ಮೆ ಬಾಗಿಲಲ್ಲಿ ನಿಂತು, "ಇದೇನು, ಪ್ರೈಮರಿ ಸ್ಕೂಲಿನ ಮಗ್ಗಿಯೇ" ಎಂದ.

ಆದರೂ ಮೇಜಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮದುವೆಯ ದಿನ ಎರಡನೆಯ ಪಂಕ್ತಿಯ ಊಟ ಮುಗಿದು ಜನ ಹೊರಡಲು ಶುರುವಾದಾಗ ನಿನ್ನ ಅಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ತಾಂಬೂಲ ಕೊಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ರಾಶಿಯಿಂದ ಚೀಲ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಅಷ್ಟರಲ್ಲಿ ನಿನ್ನ ಅಮ್ಮನ ಚಿಕ್ಕಮ್ಮ ಬಂದರು, ಆ ದಾವಣಗೆರೆಯವರು, ಮದುವೆ ಹಾಲ್‌ನ ಆ ತುದಿಗೂ ಕೇಳುವ ಕಂಠ.

"ವಸಂತಿ, ಇವರು ಇಲ್ಲೇನು ಮಾಡ್ತಿದ್ದಾರೆ?"

"ಕೆಲಸ," ಎಂದರು ನಿನ್ನ ಅಮ್ಮ.

"ಅಲ್ಲ ಕಣೇ, ತಾಂಬೂಲದ ಹತ್ರ..."

ನಿನ್ನ ಅಮ್ಮ ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟರು. ಎದ್ದು ಸೆರಗು ಸರಿಮಾಡಿಕೊಂಡರು. ನನ್ನ ಕಡೆ ತಿರುಗಿ, ಅಡುಗೆಮನೆಯಲ್ಲಿ ಹಾಲು ನೋಡಿಕೊಳ್ಳಿ ಎನ್ನುವ ದನಿಯಲ್ಲಿ, "ನೀವು ಇಲ್ಲಿ ಕೂತು ಕೊಡ್ತಾ ಇರಿ. ನನ್ನ ಊಟ ಆಗಿಲ್ಲ, ಮುಗಿಸಿ ಬರ್ತೀನಿ" ಎಂದರು. ಕುಂಕುಮದ ಬಟ್ಟಲನ್ನೂ ನನ್ನ ಕಡೆ ಸರಿಸಿ, ಚಿಕ್ಕಮ್ಮನ ಮುಖ ನೋಡದೆ ಊಟದ ಹಾಲ್ ಕಡೆ ಹೊರಟುಹೋದರು.

ನಾನು ಕೂತೆ. ಮೊದಲ ಚೀಲ ಆ ಚಿಕ್ಕಮ್ಮನಿಗೇ ಚಾಚಿದೆ. ಅವರು ಚೀಲ ನೋಡಿದರು, ಹೂವು ನೋಡಿದರು, ನನ್ನ ಮುಖ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ "ಚಲೋ ಚಲೋ, ಆಂಟಿ" ಎಂದರು. ಕೊನೆಗೆ ಕೈ ಚಾಚಿ, "ಎರಡು ಕೊಡಿ, ಮನೇಲಿ ಸೊಸೆ ಇದ್ದಾಳೆ" ಎಂದರು. ಎರಡು ಕೊಟ್ಟೆ.

ಒಂದೂಕಾಲು ಗಂಟೆ ಕೂತಿದ್ದೆ, ಅಮಿತಾ. ಚೀಲ ಎಲ್ಲ ಖಾಲಿಯಾಯಿತು, ಮೇಜಿನ ಬಟ್ಟೆಯನ್ನೂ ಮಡಿಸಿದೆ. ಆಗ ನಿನ್ನ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, "ಆಯಿತೇ, ಊಟ ಸ್ವಲ್ಪ ಲೇಟಾಯಿತು" ಎಂದರು. ನಾನು "ಪರವಾಗಿಲ್ಲ, ಅತ್ತಿಗೆ" ಎಂದೆ.

ಎರಡನೆಯ ಪಂಕ್ತಿಯಲ್ಲಿ ನಿನ್ನ ಅಮ್ಮನ ಎಲೆಗೆ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದವಳು ನಾನೇ. ಎರಡು ಹೋಳಿಗೆ ತಿಂದಿದ್ದರು. ಇದನ್ನು ಅವರ ಮುಂದೆ ಎತ್ತಬೇಡ.

ನಿನ್ನ
ಸುಶೀಲತ್ತೆ